ಗುಡಾಣದ ಮುಚ್ಚಳ

ಮಂಗಳಗೌರಿ ಗುಡಾಣದ ಬಾಯಿಗೆ ಮೂರನೆಯ ಸಲ ಸಗಣಿ ಮೆತ್ತುತ್ತಿದ್ದಳು. ಒಳಗೆ ಒಣಹುಲ್ಲಿನ ಮೇಲೆ ರಸಬಾಳೆಯ ಚಿಪ್ಪುಗಳು. ನಂಜನಗೂಡಿನಲ್ಲಿದ್ದುಕೊಂಡೇ ರಸಬಾಳೆಗೆ ಪರದಾಡುವ ಕಾಲ ಬಂದಿತ್ತು. ರೋಗ ಬಿದ್ದು ತೋಟಗಳು ಹಾಳಾಗಿದ್ದವು. ಪಕ್ಕದ ಹದಿನಾರು ಎಂಬ ಊರಿನ ನೆಂಟರು ಹುಡುಕಿ ಕಳಿಸಿದ ಒಂದೇ ಗೊನೆ ಇದು. ಭಾನುವಾರ ಮಠದ ಸ್ವಾಮಿಗಳು ಪಾದಪೂಜೆಗೆ ಬರುವವರಿದ್ದರು. ಶುಕ್ರವಾರವಾದರೂ ಕಾಯಿ ಕಲ್ಲಿನಂತಿತ್ತು.

ತಪ್ಪು ಕಾಯಿಯದಲ್ಲ, ಹೊಗೆಯದೂ ಅಲ್ಲ. ಬೆರಣಿಯ ಹೊಗೆ ತುಂಬಿಸಿ, ಬಾಯಿ ಮುಚ್ಚಿ, ಅದನ್ನು ಮರೆತುಬಿಡಬೇಕು ಎನ್ನುವುದು ಅತ್ತೆ ಚಿಕ್ಕಬಸಮ್ಮನ ಪದ್ಧತಿ. ಆದರೆ ಕೆಮಿಸ್ಟ್ರಿ ಲೆಕ್ಚರರ್ ಇರುವ ಮನೆಯಲ್ಲಿ ಏನನ್ನಾದರೂ ಮರೆಯುವುದಕ್ಕೆ ಬಿಡುತ್ತಾರೆಯೇ? ಗಂಡ ನಂಜೇಶ್ ಬುಧವಾರ ಪಕ್ಕದ ಮನೆಯವರಿಗೆ ಮುಚ್ಚಳ ತೆಗೆದು ತೋರಿಸಿದ್ದ. ಗುರುವಾರ ಟ್ಯೂಷನ್ ಹುಡುಗಿಯರಿಗೆ ತೋರಿಸಿದ. ಇವತ್ತು ಕಾಲೇಜಿನ ಲ್ಯಾಬ್ ಅಟೆಂಡರ್ ಮರಿಸ್ವಾಮಿ ಪೂಜೆಗೆಂದು ಕುರ್ಚಿ ಇಳಿಸಲು ಬಂದಿದ್ದ; ಮೆತ್ತಿದ ಸಗಣಿ ಇನ್ನೂ ಹಸಿಯಾಗಿರುವಾಗಲೇ ಅವನಿಗೂ ಆ ಭಾಗ್ಯ ಒದಗಿತು.

"ನೋಡಯ್ಯ, ಇದರೊಳಗಿರೋದು ಎಥಿಲೀನ್. ಎರಡು ಕಾರ್ಬನ್ ಮಧ್ಯೆ ಡಬಲ್ ಬಾಂಡ್. ಇಂಥದಕ್ಕೆ ಅಪರ್ಯಾಪ್ತ ಹೈಡ್ರೋಕಾರ್ಬನ್ ಅಂತೀವಿ. ಈಗ ಆಲ್ಕೀನ್ ಅಂತಾರೆ, ಹಳೇ ಹೆಸರು ಓಲಿಫಿನ್."

"ಎಲ್ಲದೆ ಸಾ? ಕಾಣಕಿಲ್ವಲ್ಲ."

"ಅದು ಗ್ಯಾಸು ಕಣಯ್ಯ, ಕಾಯಿ ಹಣ್ಣು ಮಾಡೋ ಗ್ಯಾಸು!"

"ಅಂಗಾರೆ ಮುಚ್ಳ ತಗುದ್ರೆ ಓಗ್ಬುಡಲ್ವ ಸಾ?"

"ನೀನು ಬೀಕರ್ ತೊಳೆಯೋನು, ಬೀಕರ್ ತೊಳಿ."

ಮರಿಸ್ವಾಮಿ ಸುಮ್ಮನಾಗುವ ಆಸಾಮಿಯಲ್ಲ. "ಓಲಿಫಿನ್ ಅಂದ್ರೇನ್ ಅರ್ಥ ಸಾ?"

"ಹೆಸರಿಗೆಲ್ಲ ಅರ್ಥ ಇರುತ್ತೇನಯ್ಯ? ನಿನ್ನ ಹೆಸರಿಗೆ ಏನಿದೆ ಅರ್ಥ?"

"ಅದು ನಮ್ಮಜ್ಜನ್ ಹೆಸ್ರು ಸಾ."

ಗೌರಿ ಸೆರಗಿನಲ್ಲಿ ನಗು ಒರೆಸಿಕೊಂಡಳು. ಎಣ್ಣೆ ಮಾಡುವಂಥದ್ದು ಎಂದು ಅದರ ಅರ್ಥ. ಈ ಗ್ಯಾಸಿಗೆ ಕ್ಲೋರಿನ್ ಸೇರಿದರೆ ಎಣ್ಣೆಯಂಥ ಹನಿಗಳಾಗುತ್ತವೆ, ಅದಕ್ಕೇ ಆ ಹೆಸರು ಬಂತು. ನರಸೀಪುರದ ತವರಿನ ಜಗುಲಿಯಲ್ಲಿ ಕೂತು ಅದನ್ನವಳು ಹಸಿರು ಶಾಯಿಯಲ್ಲಿ ಬರೆದುಕೊಂಡಿದ್ದಳು. ಬಿ.ಎಸ್ಸಿ.ಯ ಕೊನೆಯ ಪೇಪರು ಅದೇ, ಆರ್ಗ್ಯಾನಿಕ್ ಕೆಮಿಸ್ಟ್ರಿ. ಆ ಪರೀಕ್ಷೆಯ ದಿನವೇ ಅವಳ ಧಾರೆ. ಎರಡೂ ಕಡೆಯ ಹಿರಿಯರು ಪಂಚಾಂಗವನ್ನು ತಿರುವಿ ತಿರುವಿ ನೋಡಿದ್ದರು. ಟೈಮ್ ಟೇಬಲ್ ನೋಡುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ.

ಅದಾಗಿ ಆರು ವರ್ಷ. ಈಗ, ಎರಡು ಸಾವಿರದ ಒಂದರಲ್ಲಿ, ಹಳೆಯ ಸಿಲಬಸ್ಸಿನವರಿಗೆ ಕೊನೆಯ ಅವಕಾಶ ಎಂದು ಪೇಪರಿನಲ್ಲಿ ಬಂದಿತ್ತು. ತರಿಸಿಕೊಂಡ ಅರ್ಜಿ ಅಕ್ಕಿ ಡ್ರಮ್ಮಿನ ಹಿಂದೆ ಕೂತಿತ್ತು. ಬರುವ ಬುಧವಾರ ಕೊನೆಯ ದಿನ. ನಂಜೇಶನಿಗೆ ತೋರಿಸಿದಾಗ ಅವನು ಬೈಯಲಿಲ್ಲ, ಪಾಪ, ನಕ್ಕ. "ಬಾಳೆಹಣ್ಣು ಮಾಗಿಸೋಕೆ ಡಿಗ್ರಿ ಬೇಕೇನೆ?"

ಭಾನುವಾರ ಸ್ವಾಮಿಗಳು ಬಂದರು. ಪೂಜೆಯ ಹೊತ್ತಿಗೆ ಗುಡಾಣ ತೆಗೆದರೆ ಹಸಿರು ಹಸಿರಾಗಿ ಅದೇ ಕಾಯಿ.

"ಇದೇನ್ಲಾ ನಂಜ, ಸ್ವಾಮ್ಗೋಳ್ಗೆ ಬಜ್ಜಿ ಮಾಡನಾ?" ಎಂದಳು ಚಿಕ್ಕಬಸಮ್ಮ.

"ನಾನೇನವ್ವ ಮಾಡ್ಲಿ? ಗಾಳಿ ಆಡದ ಹಾಗೆ ಮುಚ್ಚು ಅಂತ ಇವಳಿಗೆ ನೂರು ಸಲ ಹೇಳಿದೀನಿ."

ಗೌರಿ ಅಡುಗೆಮನೆಗೆ ಹೋದಳು. ಬುಧವಾರ ಅವನು ಮೊದಲ ಸಲ ಮುಚ್ಚಳ ತೆಗೆದಾಗಲೇ ಅವಳು ಒಂದು ಚಿಪ್ಪು ಎತ್ತಿ, ಚೆನ್ನಾಗಿ ಕಳಿತ ಒಂದು ಪುಟ್ಟಬಾಳೆಯ ಜೊತೆ ಅಕ್ಕಿಯೊಳಗೆ ಹೂತು ಡ್ರಮ್ಮು ಬಿಗಿದಿದ್ದಳು. ಹಣ್ಣಾದ ಹಣ್ಣು ಬಿಡುವ ಗ್ಯಾಸು ಪಕ್ಕದ ಕಾಯಿಯನ್ನೂ ಹಣ್ಣು ಮಾಡುತ್ತದೆ, ಯಾರೂ ಬಂದು ನೋಡದಿದ್ದರೆ. ಈಗ ಡ್ರಮ್ಮಿನ ಮುಚ್ಚಳ ತೆಗೆದೊಡನೆ ಘಮ ನಡುಮನೆಗೂ ಹೋಯಿತು.

ಸ್ವಾಮಿಗಳು ಒಂದು ಹಣ್ಣು ಸುಲಿದು ಬಾಯಿಗಿಟ್ಟು ಕಣ್ಣು ಮುಚ್ಚಿದರು. "ಎಷ್ಟು ವರ್ಷ ಆಗಿತ್ತು ಈ ರುಚಿ ಕಂಡು! ಹೆಂಗೆ ಮಾಗಿಸಿದೆ ತಾಯಿ?"

"ಎಥಿಲೀನ್, ಬುದ್ಧಿ," ಎಂದ ನಂಜೇಶ್. "ಓಲಿಫಿನ್ ಜಾತಿಯ ಗ್ಯಾಸು. ನಾನೇ ಹೇಳಿಕೊಟ್ಟಿದ್ದು."

"ನೀನೂ ಓದಿದೀಯೇನವ್ವ?"

ಗೌರಿ ಬಾಯಿ ತೆರೆಯುವ ಮುಂಚೆ ನಂಜೇಶನ ಉತ್ತರ ಬಂದಾಗಿತ್ತು. "ಅರ್ಧಂಬರ್ಧ ಓದಿದಾಳೆ, ಬುದ್ಧಿ. ಕೊನೇ ಪೇಪರ್ ಬರೀಲೇ ಇಲ್ಲ. ಇವಳಿಗೇ ಇಷ್ಟ ಇರಲಿಲ್ಲ."

ಚಿಕ್ಕಬಸಮ್ಮ ಒಂದು ಗಳಿಗೆ ಸೊಸೆಯ ಮುಖ ನೋಡಿ, ವಿಭೂತಿ ತಟ್ಟೆಯನ್ನು ಸರಿಮಾಡತೊಡಗಿದಳು. ಗೌರಿ ಬಗ್ಗಿ ಸ್ವಾಮಿಗಳ ಪಾದ ಮುಟ್ಟಿ ಎದ್ದಳು.

ಸಂಜೆ ನೆಂಟರೆಲ್ಲ ಹೋದ ಮೇಲೆ ಅಡುಗೆಮನೆಯಲ್ಲಿ ಅವಳೊಬ್ಬಳೇ ಇದ್ದಳು. ಡ್ರಮ್ಮಿನ ಹಿಂದಿನಿಂದ ಅರ್ಜಿಯನ್ನು ಎಳೆದುಕೊಂಡು ಸೀರೆಯಂಚಿನಿಂದ ಅಕ್ಕಿಯ ಹುಡಿ ಒರೆಸಿದಳು. ಹೆಸರು, ಹಳೆಯ ರಿಜಿಸ್ಟರ್ ನಂಬರು ಬರೆದಾಯಿತು. ಹಾಲ್ ಟಿಕೆಟ್ ಕಳಿಸಬೇಕಾದ ವಿಳಾಸದ ಜಾಗದಲ್ಲಿ ಪೆನ್ನು ನಿಂತಿತು. ಈ ಬೀದಿಯ ಪೋಸ್ಟ್‌ಮ್ಯಾನು ಕಾಗದಗಳನ್ನೆಲ್ಲ ನೇರ 'ಲೆಕ್ಚರರ್ ಸಾಹೇಬರ' ಕೈಗೇ ಕೊಡುವ ಮರ್ಯಾದಸ್ಥ.

"ಗೌರಿ, ಕಾಫಿ!" ನಡುಮನೆಯಿಂದ ಕೂಗು ಬಂತು.

"ತಂದೆ ಕಣ್ರೀ. ನಾಳೆ ಮೊದಲ ಬಸ್ಸಿಗೆ ನರಸೀಪುರಕ್ಕೆ ಹೋಗಿ ಅವ್ವನಿಗೆ ಪ್ರಸಾದ ಕೊಟ್ಟು ಬತ್ತೀನಿ."

"ಹೋಗು, ಹೋಗು. ಎರಡು ಹಣ್ಣು ಜಾಸ್ತೀನೇ ತಗೊಂಡು ಹೋಗು. ಹೆಂಗೆ ಮಾಗಿತು ಅಂತ ಅವರಿಗೂ ಹೇಳು."

ಅವಳು ಹಾಲು ಒಲೆಗಿಟ್ಟು, ಅದು ಉಕ್ಕುವುದರೊಳಗೆ ತವರಿನ ವಿಳಾಸವನ್ನು ಅಂದವಾಗಿ ಬರೆದಳು. ಅರ್ಜಿ ಮಡಚಿ ಡ್ರಮ್ಮಿನೊಳಗಿಟ್ಟು ಮುಚ್ಚಳವನ್ನು ಬಿಗಿಯಾಗಿ ಒತ್ತಿದಳು.