ಮನೆ ಮಗ್ಗದ ಏರುಪೇರು

೧೯೭೯ರಲ್ಲಿ ಇಂದ್ರವ್ವ ಬಾಗಲಕೋಟೆ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದಿ ಮುಗಿಸಿ, ಗುಳೇದಗುಡ್ಡದ ಒಂದು ನೇಕಾರರ ಸಂಘದಲ್ಲಿ ಬಟ್ಟೆ ಅಳೆಯುವ ಕೆಲಸಕ್ಕೆ ಸೇರಿದಳು. ಮೊದಲ ವಾರದಲ್ಲೇ ಮ್ಯಾನೇಜರ್ ಅಂದಾನಪ್ಪ ಅವಳಿಂದ ಹದಿನಾರು ಕುಪ್ಪಸದ ಖಣಗಳ ಅಗಲ ಅಳೆಸಿದರು. ಎಂಟು ಸಂಘದ ಶೆಡ್ಡಿನಲ್ಲಿ ನೇಯ್ದವು, ಇನ್ನೆಂಟು, ಹೆಂಗಸರು ಸಂಘದ ನೂಲು ಒಯ್ದು ಮನೆಯಲ್ಲಿ ನೇಯ್ದವು. ಸರಾಸರಿ ಎರಡರದೂ ಒಂದೇ ಇತ್ತು. ಆದರೆ ಖಣದಿಂದ ಖಣಕ್ಕೆ ಕಂಡ ಏರುಪೇರು ಶೆಡ್ಡಿನವುಗಳಲ್ಲಿ ನಾಲ್ಕು ಮಿಲಿಮೀಟರ್, ಮನೆಯವುಗಳಲ್ಲಿ ಆರು.

“ಮನಿ ಮಗ್ಗದಾಗ ಅಳತಿ ಹತೋಟಿಗೆ ಬರೂದಿಲ್ಲ. ಬರೋ ತಿಂಗಳಿಂದ ಅವರಿಗೆ ನೂಲು ಬಂದ್,” ಎಂದರು ಅಂದಾನಪ್ಪ.

ಸುದ್ದಿ ಕೇಳಿ ಮರುದಿನವೇ ಶಿವಲಿಂಗವ್ವ ಬಂದಳು. ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಶೆಡ್ಡಿಗೆ ಬರಲಾರದ ನೇಕಾರ್ತಿ.

“ಅಕ್ಕಾರ, ನೀವ ಅಳದದ್ದಂತ. ನನ್ನ ಕೈಯಾಗ ಏನ ಐಬು ಕಂಡ್ರಿ?”

ಆ ಸಂಜೆ ಇಂದ್ರವ್ವ ಮನೆಗೆ ಹೋಗಿ ಕಾಲೇಜಿನ ನೋಟ್‌ಬುಕ್ ತೆರೆದು ಕೂತಳು. ಮರುದಿನ ಅಂದಾನಪ್ಪನವರ ಮೇಜಿನ ಮೇಲೆ ಒಂದು ಹಾಳೆ ಇಟ್ಟಳು.

“ಸಾಹೇಬ್ರ, ನಾವು ನೋಡಿದ್ದು ಬರೇ ಎಂಟೆಂಟು ಖಣ. ಬ್ಯಾರೆ ಎಂಟು ತಗೊಂಡ್ರ ಬ್ಯಾರೆ ಉತ್ತರ ಬರತೈತಿ. ನೂರಕ್ಕ ತೊಂಬತ್ತೈದು ಪಾಲು ನಂಬೂವಂಥ ಮಿತಿ ಹಾಕಿದ್ರ, ಶೆಡ್ಡಿನ ಖರೆ ಏರುಪೇರು ಎರಡೂವರಿಯಿಂದ ಎಂಟರ ನಡುವ ಎಲ್ಲ್ಯರ ಇರಬಹುದು. ಮನಿದು ನಾಕರಿಂದ ಹನ್ನೆರಡರ ನಡುವ. ಎರಡನ್ನೂ ಹೋಲಿಸಿ ನೋಡಿದೆ. ಮನಿದು ಮೂರು ಪಟ್ಟು ಹೆಚ್ಚೂ ಇದ್ದೀತು, ಶೆಡ್ಡಿಂದಕ್ಕಿಂತ ಕಡಿಮಿನೂ ಇದ್ದೀತು.”

“ಅಂದ್ರ ಎರಡೂ ಒಂದ ಅಂತಿಯೇನು?”

“ಹಂಗೂ ಹೇಳಾಕ ಬರಂಗಿಲ್ರಿ. ಇಷ್ಟರ ಮ್ಯಾಲ ಯಾವ ಮಾತೂ ಹೇಳಾಕ ಬರಂಗಿಲ್ಲ. ಇನ್ನಷ್ಟು ಅಳೀತೇನಿ.”

ಅಂದಾನಪ್ಪ ಹಾಳೆಯನ್ನು ಅವಳ ಕೈಗೆ ಮರಳಿಸಿದರು. “ಅಳಿ. ಆದ್ರ ಮನಿದು ಹೆಚ್ಚು ಬಂತಂದ್ರ ಮತ್ತ ತಕರಾರು ಮಾಡಬ್ಯಾಡ.”

ಮೂರು ವಾರದಲ್ಲಿ ಅವಳು ಎರಡೂ ಕಡೆಯ ಅರವತ್ತರವತ್ತು ಖಣ ಅಳೆದಳು. ಹೆಂಗಸರ ಅಳತೆಯೇ ಕೆಟ್ಟದೆಂದು ಕೊನೆಗೆ ತನ್ನ ಕೈಯಿಂದಲೇ ಬರೆಯಬೇಕಾಗಬಹುದು ಎಂಬ ಅಳುಕು ದಿನವೂ ಇತ್ತು. ಲೆಕ್ಕ ಮುಗಿದಾಗ ಮನೆಯವುಗಳ ಏರುಪೇರು ಐದು, ಶೆಡ್ಡಿನದು ಐದಕ್ಕೆ ಕೂದಲಷ್ಟು ಕಡಿಮೆ. ಮಿತಿಗಳೂ ಕಿರಿದಾಗಿ, ಎರಡೂ ಸುಮಾರು ನಾಲ್ಕರಿಂದ ಆರರ ನಡುವೆ ಬಂದು ನಿಂತಿದ್ದವು. ತಪ್ಪಿರಬಹುದೆಂದು ಇನ್ನೊಮ್ಮೆ ಮಾಡಿದಳು. ಅದೇ ಬಂತು.

ಅಂದಾನಪ್ಪ ಓದಿ ಕನ್ನಡಕ ತೆಗೆದರು. “ನಾ ಅವಸರ ಮಾಡಿದೆ, ಇಂದ್ರವ್ವಾ. ನೂಲು ಕೊಡಾಕ ಹೇಳು.”

ಅವಳು ಆಳು ಕಳಿಸದೆ ತಾನೇ ಶಿವಲಿಂಗವ್ವನ ಮನೆಗೆ ಹೋದಳು. ಮಗ್ಗದ ಸದ್ದಿನಲ್ಲಿ ಮಾತು ಕೇಳಿಸಲಿಲ್ಲ; ಕೂಗಿ ಹೇಳಬೇಕಾಯಿತು. ಶಿವಲಿಂಗವ್ವನ ಕೈ ನಿಂತಿತು. ಒಳಗೆ ಮಲಗಿದ್ದ ಅತ್ತೆಗೆ ಕೇಳಲೆಂದು ಅವಳೂ ಅಷ್ಟೇ ಜೋರಾಗಿ ಕೂಗಿದಳು: “ಅತ್ತಿ, ನೂಲು ಬರತೈತಂತ!”

ಆಮೇಲೆ ಇಬ್ಬರೂ ಹೊಸ್ತಿಲ ಮೇಲೆ ಕೂತು, ಸುಮ್ಮಸುಮ್ಮನೆ ನಕ್ಕರು.