ಮೊಲದ ಕಿವಿ ನಂಬಿದ ಇಂಜಿನ್ನು

ನನ್ನ ಹೆಂಡ್ತಿಯ ದೊಡ್ಡ ತಮ್ಮನಿಗೆ ಮೊಲ ಅಂತ ಹೆಸರು ಬಿದ್ದಿದ್ದು ಕಿವಿಯಿಂದ. ಉದ್ದ ಅಂತಲ್ಲ, ಚುರುಕು ಅಂತ. ತಿರುವಿನಲ್ಲಿ ಕಾರು ಬರ್ತಿದ್ರೆ ಶೆಡ್ಡಲ್ಲೇ ಕೂತು ಯಾವ ಪ್ಲಗ್ಗು ಮಸಿ ಹಿಡಿದಿದೆ, ಡ್ರೈವರು ಬೆಳಿಗ್ಗೆ ಮನೇಲಿ ಏನು ಬೈಸಿಕೊಂಡು ಬಂದ, ಎಲ್ಲಾ ಹೇಳೋನು. ಒಂದ್ಸಲ ಸ್ಟಾರ್ಟೇ ಆಗದ ಗಾಡಿಯ ಬೇರಿಂಗ್ ಸದ್ದು ಕೇಳಿ ನಿದ್ದೆಯಿಂದ ಎದ್ದು ಕೂತಿದ್ದ. ನಂಬೋದು ಬಿಡೋದು ನಿಮಗೆ ಸೇರಿದ್ದು, ನಾನಂತೂ ಪಕ್ಕದಲ್ಲೇ ಮಲಗಿದ್ದೆ.

ಅವನ ತಮ್ಮ ಪೆಡಲ್. ಒಳಗೆ ಕೂತು ಆಕ್ಸಿಲರೇಟರ್ ಒತ್ತೋದು ಅವನ ಕೆಲಸ. ಅದೇ ಶೆಡ್ಡಿನ ಮೂಲೇಲಿ ನಾನು ಸೀಟು ಹೊಲೀತೀನಿ. ಇಬ್ರೂ ನನ್ನನ್ನ ಭಾವ ಅಂತಾರೆ, ಸಿಟ್ಟು ಬಂದಾಗ ದರ್ಜಿ ಅಂತಾರೆ.

ಅವರು ಟೈಮಿಂಗ್ ಇಡೋದಕ್ಕೆ ಅಳೆಯೋ ದೀಪ ಗೀಪ ಏನೂ ಬೇಡ. ಡಿಸ್ಟ್ರಿಬ್ಯೂಟರ್ ಎಷ್ಟು ತಿರುಗಿದೆಯೋ ಅದರ ಮೇಲೆ ಇಂಜಿನ್ ಒಳಗೆ ಕಿಡಿ ಹಾರೋ ಹೊತ್ತು. ನಟ್ಟು ಸಡಿಲ ಮಾಡಿ ಮೊಲ ಅದನ್ನ ಕೈಯಲ್ಲಿ ತಿರುಗಿಸ್ತಾನೆ, ಪೆಡಲ್ ಗಬಕ್ಕಂತ ಒತ್ತುತಾನೆ. ಕಿಡಿ ಹೊತ್ತಿಗಿಂತ ಮುಂಚೆ ಹಾರಿದಷ್ಟೂ ಇಂಜಿನ್ನಿಗೆ ಹುರುಪು. ಅತಿಯಾಯ್ತೋ, ಡಬ್ಬದಲ್ಲಿ ಜಲ್ಲಿ ಹಾಕಿ ಅಲ್ಲಾಡಿಸಿದ ಹಾಗೆ ಕಟಕಟ ಅನ್ನುತ್ತೆ, ಹಾಗೇ ಓಡಿಸಿದ್ರೆ ಇಂಜಿನ್ನೇ ಹೋಗುತ್ತೆ. ಆಗ ಚೂರು ಹಿಂದಕ್ಕೆ ತಿರುಗಿಸಿ ನಟ್ಟು ಬಿಗಿಯೋದು. ಅಷ್ಟೇ ವಿದ್ಯೆ.

ಈಗಿನ ಕಾರಲ್ಲಿ ಕೈಯಿಂದ ತಿರುಗಿಸೋದಕ್ಕೆ ಏನೂ ಇಲ್ಲ. ನಮಗೆ ಉಳಿದಿದ್ದ ಗಿರಾಕಿ ಅಂದ್ರೆ ಹೆಣ ಸಾಗಿಸೋ ಹಳೇ ವ್ಯಾನ್ ಒಂದೇ. ಅವತ್ತು ಅದರ ಡ್ರೈವರ್ ಮುಖ ಇಳಿಬಿಟ್ಕೊಂಡು ಬಂದ.

“ಮೊಲಣ್ಣ, ಏರು ಹತ್ತಲ್ಲ ಅಂತಿದೆ,” ಅಂತ ಕೂಗಿ ಹೇಳಿದ. “ಇನ್ನೊಂದ್ಸಲ ಕೈಕೊಟ್ರೆ ಗುಜರಿಗೆ ಅಂದಿದ್ದಾರೆ ಸಾಹುಕಾರ್ರು. ನನ್ನ ಕೆಲಸಾನೂ ಹೋಯ್ತು, ನೀವೂ ಶೆಡ್ಡಿಗೆ ಬೀಗ ಹಾಕ್ಕೊಳ್ಳಿ.”

“ತಡ ಆಯ್ತು ಅಂತ ನಿನ್ನ ಪ್ಯಾಸೆಂಜರ್ ಯಾರೂ ಗಲಾಟೆ ಮಾಡಲ್ವಲ್ಲ,” ಅಂದೆ ನಾನು.

“ಅವರ ಮಕ್ಕಳು ಮಾಡ್ತಾರಣ್ಣ. ಅಪ್ಪ ಬದುಕಿದ್ದಾಗ ಇಲ್ಲದ ಅವಸರ.”

ಮೊಲ ತಿರುಗಿಸ್ತಾ ಹೋದ. ಪೆಡಲ್ ಒತ್ತುತಾ ಹೋದ. ಕಟಕಟ ಶುರುವಾಯ್ತು. ಇನ್ನೇನು ಹಿಂದಕ್ಕೆ ತಗೋತಾನೆ ಅಂತ ಕಾದೆ. ಅವನು ಇನ್ನೂ ಮುಂದಕ್ಕೇ ತಿರುಗಿಸಿದ.

“ಕಟಕಟ ಅಂತಿದೆ ಕಣೋ,” ಅಂತ ಅರಚಿದೆ.

ಕೈ ನಿಲ್ಲಿಸಿ ನನ್ನ ಬಾಯನ್ನೇ ನೋಡಿದ. “ಏನು ಭಾವ?”

“ಸದ್ದು ಬರ್ತಿದೆ. ಹಿಂದಕ್ಕೆ ತಗೋ.”

ಅವನು ಎತ್ತಿದ ಬಾನೆಟ್ಟಿನ ಸಂದಿಯಿಂದ ಗಾಜಿನಾಚೆ ತಮ್ಮನ ಕಡೆ ನೋಡಿದ. ಅಣ್ಣನ ಕೈ ನಿಂತಿದ್ದು ಕಂಡು ಪೆಡಲ್ ಹೆಬ್ಬೆರಳು ಎತ್ತಿದ. ಆ ಹೆಬ್ಬೆರಳು ಕಂಡು ಇವನು ನಟ್ಟು ಬಿಗಿದ.

“ನಿನ್ನ ಮಿಷನ್ನಿಗೆ ಎಣ್ಣೆ ಬಿಡು ದರ್ಜಿ, ಅದೇ ಬಡ್ಕೋತಿರೋದು,” ಅಂದ.

ಮೊಲದ ಕಿವಿ ಮುಂದೆ ನನ್ನ ಕಿವಿ ಯಾವ ಲೆಕ್ಕ. ಮಿಷನ್ನಿಗೆ ಎಣ್ಣೆ ಬಿಟ್ಟೆ.

ವ್ಯಾನ್ ಹೊರಟಿದ್ದು ನೋಡಬೇಕಿತ್ತು, ಕುದುರೆ ಹಾಗೆ. ಮಾರನೇ ದಿನ ಏರಿನ ಅರ್ಧದಲ್ಲಿ ಢಮ್ ಅಂತ ಹೊಗೆ ಉಗುಳಿ ನಿಂತು ಹೋಯ್ತು. ಒಳಗೆ ಮಲಗಿದ್ದೋರೂ ಇಳಿದು ತಳ್ಳಬೇಕು ಅನ್ನೋ ಹಾಗಾಗಿತ್ತಂತೆ.

ಹಗ್ಗ ಕಟ್ಟಿ ಎಳೆದು ತಂದ್ರು. ಬಿಚ್ಚಿ ನೋಡಿದ್ರೆ ಪಿಸ್ಟನ್ ತಲೇಲಿ ಬೆರಳು ತೂರೋ ಅಷ್ಟು ತೂತು.

“ನಿನಗೂ ಕೇಳಿಸ್ಲಿಲ್ವೇನೋ?” ಅಂದ ಮೊಲ.

ಪೆಡಲ್ ಅಣ್ಣನ ತುಟಿ ನೋಡಿದ. “ನನಗೆ ಕೇಳಿಸೋದು ನಿಂತು ಕಾಲ ಆಯ್ತಣ್ಣ. ನಿನ್ನ ಕೈ ನಿಂತ್ರೆ ಸರಿಯಾಯ್ತು ಅಂದ್ಕೋತಿದ್ದೆ.”

“ಏನಂದ?” ಅಂತ ಮೊಲ ನನ್ನ ಕೇಳಿದ.

ಹೇಳಿದೆ. ಕೂಗಿ ಹೇಳಿದೆ, ಕೈಸನ್ನೆ ಮಾಡಿ ಹೇಳಿದೆ.

“ನಾನು ಅವನ ಹೆಬ್ಬೆರಳು ನೋಡಿ ಬಿಗೀತಿದ್ದೆ ಭಾವ,” ಅಂದ.

ಅದನ್ನ ಈ ಕಡೆಯಿಂದ ಆ ಕಡೆಗೆ ಮುಟ್ಟಿಸಿದೆ. ಎಂಥೆಂಥ ಸುಳ್ಳು ಕಟ್ಟಿ ಜನರನ್ನ ನಗಿಸಿದೋನು ನಾನು. ಅವತ್ತು ನಿಜ ಹೇಳಿದ್ರೂ ಯಾರೂ ನಗಲಿಲ್ಲ.

ಸಾಹುಕಾರ್ರು ಬರಲಿಲ್ಲ, ಗುಜರಿ ಲಾರಿ ಬಂತು. ಡ್ರೈವರು ತನ್ನ ಟವೆಲ್ಲು, ನೀರಿನ ಬಾಟ್ಲಿ ತಗೊಂಡು ನಮಗೆ ಬೆನ್ನು ಹಾಕಿ ನಡೆದುಬಿಟ್ಟ. ಸರಪಳಿ ಬಿಗೀತಿದ್ದಾಗ ಮೊಲ ಸ್ಪ್ಯಾನರ್ ತಗೊಂಡು ಹೋಗಿ ಬಾನೆಟ್ ಎತ್ತಿದ. ಡಿಸ್ಟ್ರಿಬ್ಯೂಟರನ್ನ ಚೂರೇ ಚೂರು ಹಿಂದಕ್ಕೆ ತಿರುಗಿಸಿ ನಟ್ಟು ಬಿಗಿದ.

“ಇಲ್ಲಿಗಿರಬೇಕಿತ್ತು, ಅಲ್ವಾ ಭಾವ?”

“ಹೂಂ, ಅಲ್ಲಿಗೇ,” ಅಂದೆ.

ಕೇಳಿಸಲಿಲ್ಲ. ನನ್ನ ಮುಖಾನೇ ನೋಡ್ತಾ ನಿಂತಿದ್ದ. ತಲೆ ಆಡಿಸಿದೆ. ಬಾನೆಟ್ ಮುಚ್ಚಿ ಪಕ್ಕಕ್ಕೆ ಸರಿದ.