ಬೀಗದಂಗಡಿಯ ಕಂಪ್ಯೂಟರ್

"ನಿಮ್ಮ ಬುದ್ಧಿ ಎಲ್ಲಿ ಮೇಯೋಕೆ ಹೋಗಿತ್ತು?" ಎಂದಳು ಬೀಗದವನ ಹೆಂಡತಿ.

ಅಂಗಡಿಯ ಕಂಪ್ಯೂಟರ್ ತಂತಿ ಕಿತ್ತುಕೊಂಡು ಮೇಜಿನ ಮೇಲೆ ಬಿದ್ದಿತ್ತು. ನಿನ್ನೆ ಅದರ ಪರದೆ ಕೆಂಪಾಗಿ "ವೈರಸ್" ಎಂದು ಅರಚಿಕೊಂಡಾಗ, ಅಲ್ಲೇ ಕಂಡ ನಂಬರಿಗೆ ಫೋನ್ ಮಾಡಿದ್ದು ಇವನೇ. "ಸಾರ್, ನಿಮ್ಮಂಥ ತಿಳಿದವರಿಗೆ ನಾನೇನು ಹೇಳೋದು" ಎಂದ ಆ ಕಡೆಯವನು. ಇವನು ಉಬ್ಬಿಹೋದ. ಒತ್ತು ಎಂದದ್ದನ್ನೆಲ್ಲ ಒತ್ತಿ, ಕಂಡುಕೇಳದವನ ಕೈಗೆ ಕಂಪ್ಯೂಟರಿನ ಹಿಡಿತ ಕೊಟ್ಟು, ಪರದೆಯ ಮೇಲೆ ಬಾಣ ತಾನಾಗಿಯೇ ಓಡಾಡುವುದನ್ನು ಕೈಕಟ್ಟಿ ನೋಡಿದ. ಕುರಿ ಕಾಯೋಕೆ ತೋಳನ್ನ ಬಿಟ್ಟ ಹಾಗೆ.

ಊರಿಗೆಲ್ಲ ಉಪದೇಶ ಮಾಡುವ ಬಾಯಿ ಅದು. ಕೀ ಕಳೆದುಕೊಂಡು ಬಂದವರಿಗೆ ಮೊದಲು ಮಂಗಳಾರತಿ, ಆಮೇಲೆ ಕೆಲಸ. ಮನೆ ತಮ್ಮದೇ ಎಂದು ಗುರುತು ತೋರಿಸದವರ ಬೀಗವನ್ನು ಅವನು ಮುಟ್ಟಿದವನೇ ಅಲ್ಲ. ಮೂಲೆಮನೆಯ ಟೀಚರನ್ನಂತೂ, ದಿನಾ ನೋಡುವ ಮುಖವಾದರೂ, ಗುರುತಿನ ಚೀಟಿ ತರಿಸುವವರೆಗೆ ಅವರದೇ ಬಾಗಿಲ ಮುಂದೆ ತರಕಾರಿ ಚೀಲದ ಸಮೇತ ನಿಲ್ಲಿಸಿದ್ದ. ಅಂಥವನಿಗೆ ಫೋನಿನವನನ್ನು "ನೀನ್ಯಾರಪ್ಪ?" ಎಂದು ಕೇಳಬೇಕು ಅನ್ನಿಸಲಿಲ್ಲ. ಸಾರ್ ಅಂದನಲ್ಲ, ಅಷ್ಟೇ ಸಾಕಾಯಿತು.

ಕಂಪ್ಯೂಟರ್ ರಿಪೇರಿಯವಳು ಬಂದು ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿದಳು. ಬ್ಯಾಂಕಿಗೆ ಫೋನ್ ಮಾಡಿಸಿ, ಪಾಸ್‌ವರ್ಡುಗಳನ್ನು ಬದಲು ಮಾಡಿಸಿದಳು.

"ಒಳಗೆ ಇನ್ನೇನಿತ್ತು?" ಎಂದು ಕೇಳಿದಳು.

"ಏನಿಲ್ಲ."

"ಏನಿಲ್ವಾ?" ಹೆಂಡತಿ ಸುಮ್ಮನಿರಲಿಲ್ಲ. "ಯಾರ ಮನೆಗೆ ಯಾವ ಕೀ ಅಂತ ವಿಳಾಸ, ಕೀ ನಂಬರ್ ಎಲ್ಲಾ ಅದ್ರಲ್ಲೇ ಇಟ್ಟಿದ್ರಲ್ಲ? ಆ ನಂಬರಿದ್ರೆ ಯಾರು ಬೇಕಾದ್ರೂ ಕೀ ಮಾಡಿಸ್ಕೋಬೋದು ಅಂತ ನೀವೇ ಹೇಳ್ತಿದ್ರಿ."

"ಅವನೆಲ್ಲೋ ದೂರ ಕೂತಿರೋನು."

"ಇಲ್ಲಿಗೆ ಬರಲ್ಲ ಅಂತ ಬರ್ಕೊಟ್ಟಿದಾನಾ?"

ಗಿರಾಕಿಗಳಿಗೆ ಹೇಳಿದರೆ ಇವನ ಮರ್ಯಾದೆ ಹೋಗುತ್ತಿತ್ತು. ಹೇಳದಿದ್ದರೆ ನಂಬಿದವರ ಮನೆಗೆ ಕಳ್ಳ ನುಗ್ಗಬಹುದಿತ್ತು. ಆದರೂ ಸಂಜೆಯವರೆಗೆ ಮರ್ಯಾದೆಯನ್ನೇ ತೂಗುತ್ತ ಕುಳಿತ. ಕೊನೆಗೆ ತನ್ನ ಬಗ್ಗೆ ತನಗೇ ಅಸಹ್ಯವಾಗಿ, ಹೊಸ ಬೀಗಗಳ ಚೀಲ ಎತ್ತಿಕೊಂಡ.

ಮೊದಲು ಸಿಕ್ಕಿದ್ದು ಟೀಚರ ಮನೆ. ಬಾಗಿಲು ಒಳಗಿನ ಸರಪಳಿ ಬಿಟ್ಟಷ್ಟೇ ತೆರೆಯಿತು. ಅವನು ತಲೆ ತಗ್ಗಿಸಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ.

"ನಿಮ್ಮ ಬೀಗ ಬದಲಾಯಿಸ್ಬೇಕು, ಟೀಚರ್. ದುಡ್ಡೇನೂ ಬೇಡ."

ಸಂದಿಯಿಂದ ಟೀಚರ್ ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಗುರುತಿನ ಚೀಟಿ ತಂದಿದೀರಾ?"

ಅವನು ಚೀಲವನ್ನು ಮೆಟ್ಟಿಲ ಮೇಲಿಟ್ಟು, ಒಂದೊಂದೇ ಜೇಬು ತಡಕತೊಡಗಿದ. ಸರಪಳಿ ಹಾಗೇ ಇತ್ತು.